ಹತ್ತು ಅಡಿಯ ಅಪ್ಪ

ಮೊನ್ನೆ ಹಾಸನದಲ್ಲಿ ಹೊಳೆನರಸೀಪುರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತಿದ್ದೆ. ಬಸ್ಸು ಹೊರಡುವ ಹೊತ್ತಿಗೆ ಇಬ್ಬರು ಹುಡುಗರು ಉದ್ದನೆಯ ಸುರುಳಿಯೊಂದನ್ನು ಹೊತ್ತುಕೊಂಡು ಓಡಿಬಂದು ಹತ್ತಿದರು. 'ಏನ್ರಪ್ಪಾ, ತೊಲೆ ಒತ್ಕಂಡ್ ಬಂದಂಗ್ ಬತ್ತೀರಲ್ಲ' ಎಂದು ಕಂಡಕ್ಟರ್ ಗದರಿದ. ಅವರು ಹಲ್ಲು ಕಿರಿದು ಅದನ್ನು ತಂದು ನನ್ನ ಸೀಟಿಗೇ ಒರಗಿಸಿ ನಿಂತರು. ಆಗತಾನೆ ಮಿಶಿನ್ನಿನಿಂದ ಇಳಿದ ಫ್ಲೆಕ್ಸು. ಆ ವಾಸನೆ ಗೊತ್ತಿಲ್ಲದವರಿಗೆ ಹೇಗೆ ಹೇಳಲಿ? ಪೇಂಟು, ಸೀಮೆಎಣ್ಣೆ, ಬಿಸಿಲಿಗೆ ಕಾದ ಪ್ಲಾಸ್ಟಿಕ್ ಕೊಡ, ಮೂರನ್ನೂ ಒಟ್ಟಿಗೆ ಕಲಸಿದ ಹಾಗೆ. ಉಳಿದವರು ಮೂಗು ಮುಚ್ಚಿಕೊಂಡರು. ನಾನು ಮುಖವನ್ನೇ ಕಿಟಕಿಯ ಕಡೆ ತಿರುಗಿಸಿದೆ. ಒಂದು ಕಾಲದಲ್ಲಿ ಈ ವಾಸನೆಯಲ್ಲೇ ಕುಳಿತು ಮಧ್ಯಾಹ್ನದ ಮುದ್ದೆ ತಿಂದವಳು ನಾನು.

ಅದು ನಾನು ಚನ್ನರಾಯಪಟ್ಟಣದ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಿದ್ದ ವರ್ಷ. ವರ್ಷ ಅಂದೆ, ಅಷ್ಟೂ ಇಲ್ಲ. ಯುಗಾದಿ ಕಳೆದ ಮೇಲೆ ಸೇರಿದೆ, ಗಣೇಶ ಕೂರುವ ಮೊದಲೇ ಬಿಟ್ಟೆ.

ನಮ್ಮೂರು ಹೊಳೆನರಸೀಪುರಕ್ಕೂ ಚನ್ನರಾಯಪಟ್ಟಣಕ್ಕೂ ನಡುವೆ. ಬಿ.ಕಾಂ. ಮುಗಿಸಿ, ಜೊತೆಗೆ ಕಂಪ್ಯೂಟರ್ ಕ್ಲಾಸಿಗೂ ಹೋಗಿ, ಮನೆಯಲ್ಲಿ ಕುಳಿತು ಅವ್ವನ ಬಾಯಿಗೆ ಸಿಕ್ಕಿಕೊಂಡಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯ ಅಂಗಡಿಯೊಂದರ ಬಾಗಿಲಿಗೆ 'ಡಿಸೈನರ್ ಬೇಕಾಗಿದ್ದಾರೆ' ಎಂದು ಅಂಟಿಸಿದ್ದರು. ಒಳಗೆ ಹೋದೆ. ಮಾಲೀಕ ಮಂಜಣ್ಣ ಊರು ಕೇಳಿದರು, ಅಪ್ಪನ ಹೆಸರು ಕೇಳಿದರು. ನಮ್ಮ ಕಡೆ ಈ ಎರಡು ಪ್ರಶ್ನೆ ಸಾಕು. ಮೂರನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಅಪ್ಪನ ಹೆಸರು ರಂಗಯ್ಯ. ಊರು, ಹೆಸರು ಎರಡನ್ನೂ ಕೂಡಿಸಿ, ಕೊನೆಗೆ ಗೌಡ ಇಲ್ಲದ್ದೂ ಕೇಳಿ, ನಾನು ದಲಿತರ ಕೇರಿಯವಳು ಎಂದು ಮಂಜಣ್ಣನಿಗೆ ತಿಳಿಯಿತು. ಕಂಪ್ಯೂಟರಿನ ಕಡೆ ಕೈ ತೋರಿಸಿದರು. ಆಮೇಲೆ, 'ಕೆಲ್ಸ ಬತ್ತದಾ? ಅಷ್ಟು ಸಾಕು ಬುಡವ್ವ' ಅಂದರು. ಆ ಮಾತಿಗೆ ನಾನು ಆ ಮನುಷ್ಯನನ್ನು ತಲೆಯ ಮೇಲೆ ಹೊತ್ತುಕೊಂಡೆ.

ಕೆಲಸ ಕಲಿಯುವುದು ಏನು ಕಷ್ಟವಿರಲಿಲ್ಲ, ಕಷ್ಟವಿದ್ದದ್ದು ಜನರ ಮುಖದಲ್ಲಿ. ಫ್ಲೆಕ್ಸ್ ಅಂದರೆ ಮುಖಗಳ ಜಾತ್ರೆ. ಹುಟ್ಟುಹಬ್ಬದ ಒಂದು ಫ್ಲೆಕ್ಸಿನಲ್ಲಿ ಮೇಲಿನ ಸಾಲಿಗೆ ದೊಡ್ಡ ನಾಯಕರು ಗುಂಡು ಗುಂಡಾಗಿ ಬರಬೇಕು. ನಡುವೆ ಹುಟ್ಟುಹಬ್ಬದವನು ಕಾಲಿನವರೆಗೆ ನಿಂತಿರಬೇಕು. ಕೆಳಗೆ 'ಶುಭ ಕೋರುವವರು', ಅವರ ಮುಖ ಅಂಚೆಚೀಟಿಯಷ್ಟು. ಆ ಅಂಚೆಚೀಟಿಯೊಳಗೂ ಮೇಲು ಕೀಳು. ಒಂದು ಸಲ ಒಬ್ಬಾತ ಕಟ್ಟಿದ ಫ್ಲೆಕ್ಸನ್ನು ಬಿಚ್ಚಿಕೊಂಡು ಅಂಗಡಿಗೇ ತಂದು, ನೆಲಕ್ಕೆ ಹಾಸಿ, ತನ್ನ ಮುಖಕ್ಕೆ ಗೇಣು ಹಾಕಿದ, ಪಕ್ಕದವನ ಮುಖಕ್ಕೆ ಗೇಣು ಹಾಕಿದ. 'ನೋಡವ್ವ, ಎರಡು ಬೆಳ್ಳು ಕಮ್ಮಿ ಐತೆ. ಅವನು ಗ್ರಾಮ ಪಂಚಾಯ್ತಿ ಮೆಂಬರ್ರು ಅಷ್ಟೇಯ, ನಾನು ಮಾಜಿ ಉಪಾಧ್ಯಕ್ಷ' ಅಂದ. ಇನ್ನೊಬ್ಬ ಹುಡುಗ ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನು, ತನ್ನ ತಲೆಯನ್ನು ಯಾವುದಾದರೂ ಕೋಟಿನವನ ಮೈಗೆ ಕೂರಿಸಿ 'ಯುವ ನಾಯಕ' ಅಂತ ಬರೆಯಬೇಕೆಂದ. ಕೂರಿಸಿದೆ. ಕತ್ತು ಕರಿದು, ಕೈ ಬಿಳಿದು ಆಯಿತು. ಅದನ್ನೇ ಕಟ್ಟಿಕೊಂಡು ಊರೆಲ್ಲ ಮೆರೆದ.

ಮಿಶಿನ್ ನಡೆಸುತ್ತಿದ್ದವನು ಇರ್ಫಾನ್, ಹಾಸನದವನು, ನನಗಿಂತ ಎರಡೋ ಮೂರೋ ವರ್ಷ ದೊಡ್ಡವನು. ನನ್ನನ್ನು 'ಮೇಡಂ' ಅಂತಲೇ ಕರೆದು ರೇಗಿಸುತ್ತಿದ್ದ. 'ಮೇಡಂ, ನಾವು ದೇವ್ರಿಗಿಂತ ಮೇಲು. ದೇವ್ರು ಕೊಟ್ಟ ಮೂತಿನ ನಾವು ರಿಪೇರಿ ಮಾಡ್ತೀವಿ' ಅನ್ನುತ್ತಿದ್ದ. ಮದುವೆಯ ಕಾಲದಲ್ಲಿ ಊಟಕ್ಕೂ ಬಿಡುವಿಲ್ಲ. ಆದರೂ ನಗು ನಿಲ್ಲುತ್ತಿರಲಿಲ್ಲ. ಸಂಜೆ ಬಸ್ಸಿನಲ್ಲಿ ಊರಿಗೆ ಹೋಗುವಾಗ ದಾರಿಯುದ್ದಕ್ಕೂ ನಾನು ಮಾಡಿದ ಫ್ಲೆಕ್ಸುಗಳು. ಇದು ನಂದು, ಅದು ನಂದು ಎಂದು ಮನಸ್ಸಿನಲ್ಲೇ ಎಣಿಸಿಕೊಂಡು, ಯಾರೂ ನೋಡದ ಹಾಗೆ ಹಿಗ್ಗುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಅಷ್ಟು ಖುಷಿಯಾಗಿ ನಾನು ಆಮೇಲೆ ಯಾವ ಕೆಲಸವನ್ನೂ ಮಾಡಿಲ್ಲ.

ಆದರೆ ನನ್ನ ಕೈ ಚೆನ್ನಾಗಿ ಓಡುತ್ತಿದ್ದದ್ದು ಸತ್ತವರ ವಿಷಯದಲ್ಲಿ. ಈಗ ನಮ್ಮ ಕಡೆ ಹೆಣ ಮನೆಯಿಂದ ಹೊರಡುವ ಮೊದಲೇ ಶ್ರದ್ಧಾಂಜಲಿಯ ಫ್ಲೆಕ್ಸು ಬಸ್ ಸ್ಟಾಪಿನಲ್ಲಿ ನಿಂತಿರಬೇಕು. ಹನ್ನೊಂದನೇ ದಿನದ ತಿಥಿಯವರೆಗೆ ಅದು ಅಲ್ಲೇ. ಮನೆಯವರು ಫೋಟೋ ಎಂದು ಆಧಾರ್ ಕಾರ್ಡು ತಂದು ಕೊಡುತ್ತಾರೆ, ಇಲ್ಲವೇ ಯಾರದೋ ಮದುವೆಯ ಗುಂಪಿನ ಫೋಟೋದಲ್ಲಿ ಮೂರನೇ ಸಾಲಿನ ಅರ್ಧ ಮುಖ. ಅದನ್ನು ನಾನು ದೊಡ್ಡದು ಮಾಡಬೇಕು, ಬಿಳಿ ಶರ್ಟು ತೊಡಿಸಬೇಕು, ಹೆಗಲಿಗೆ ಶಲ್ಯ ಹೊದಿಸಬೇಕು. ಮುತ್ತೈದೆಯಾಗಿ ಹೋದವಳಿಗೆ ಹಣೆ ತುಂಬ ಕುಂಕುಮ ಇಡಬೇಕು. ಬದುಕಿರುವ ತನಕ ಒಂದು ಒಳ್ಳೆಯ ಸೀರೆ ಉಡದ ಎಷ್ಟು ಅಜ್ಜಿಯರಿಗೆ ನಾನು ರೇಷ್ಮೆ ಸೀರೆ ಉಡಿಸಿದ್ದೇನೋ.

ಒಂದು ನಿಯಮವಿತ್ತು. ಸತ್ತವರು ನಗಬಾರದು. ಹಲ್ಲು ಕಾಣುವ ಫೋಟೋ ತಂದರೂ ಜನ, 'ಬಾಯಿ ಮುಚ್ಚುಸ್ಬುಡವ್ವ, ಚೆನ್ನಾಗಿರಕ್ಕಿಲ್ಲ' ಅನ್ನುತ್ತಿದ್ದರು. ಪ್ರತಿ ಸಲ ಬಾಯಿ ಹೊಲಿಯುವುದು ಯಾಕೆಂದು ನಾನೇ ಒಂದು ಜೊತೆ ಮುಚ್ಚಿದ ತುಟಿ ಮಾಡಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದೆ. ಗಂಡಸರಿಗೆ ಯಾರಿಗೆ ಹಾಕಿದರೂ ಹೊಂದುತ್ತಿತ್ತು. ಬಣ್ಣ ಸ್ವಲ್ಪ ಹೆಚ್ಚು ಕಮ್ಮಿ ಮಾಡಿದರೆ ಆಯಿತು. 'ಮೇಡಂ ತುಟಿ' ಎಂದು ಇರ್ಫಾನ್ ಅದಕ್ಕೆ ಹೆಸರಿಟ್ಟಿದ್ದ. ಆ ವರ್ಷ ಸುತ್ತಲ ಊರುಗಳಲ್ಲಿ ಸತ್ತ ಗಂಡಸರಲ್ಲಿ ಬಹಳ ಜನ ಒಂದೇ ತುಟಿಯಲ್ಲಿ ಹೋದರು.

ನನ್ನ ಈ ಕೆಲಸ ಕೇಳಿ ಅಪ್ಪ ತೊಡೆ ತಟ್ಟಿಕೊಂಡು ನಕ್ಕಿದ್ದ. ನಗುವುದಕ್ಕೆ ಕಾರಣವಿತ್ತು. ಊರಿನಲ್ಲಿ ಯಾರು ಸತ್ತರೂ ನೆಂಟರೂರಿಗೆ ಹೋಗಿ ಸುದ್ದಿ ಮುಟ್ಟಿಸುವುದು ಹಿಂದಿನಿಂದ ನಮ್ಮ ಮನೆಯ ಮೇಲೆ ಬಿದ್ದಿದ್ದ ಕೆಲಸ. ತಾತ ನಡೆದು ಹೋಗುತ್ತಿದ್ದನಂತೆ, ಅಪ್ಪ ಸೈಕಲ್ಲಿನಲ್ಲಿ. ಅರಕಲಗೂಡಿನ ಕಡೆಯ ಹೊಗೆಸೊಪ್ಪಿನ ಊರುಗಳು, ಕೊರವಂಗಲದ ಕಡೆ, ಶ್ರವಣಬೆಳಗೊಳದಿಂದಾಚೆ, ಎಲ್ಲೆಲ್ಲಿಗೆ ನಮ್ಮೂರ ಗೌಡರ ಮನೆಗಳಿಂದ ಹೆಣ್ಣು ಕೊಟ್ಟಿದ್ದರೋ ಅಲ್ಲಿಗೆಲ್ಲ ಅಪ್ಪನ ಸೈಕಲ್ಲು ಹೋಗಿತ್ತು. ಹೋದವನು ಸತ್ತರು ಎಂದು ಹೇಳುವ ಹಾಗಿಲ್ಲ. ಬಾಗಿಲ ಹೊರಗೆ ನಿಂತು, 'ದೊಡ್ಡವ್ವಾರಿಗೆ ವಸಿ ಜಾಸ್ತಿಯಾಗೈತಂತೆ, ಬರ್ಬೇಕಂತೆ' ಅನ್ನಬೇಕು. ಅವನ ಮುಖ ಕಂಡ ಕೂಡಲೇ ಒಳಗೆ ಅಳು ಶುರುವಾಗುತ್ತಿತ್ತು. ದೂರದಿಂದ ಬಂದವನೆಂದು ಜಗಲಿಯ ಕೆಳಗೆ ಎಲೆ ಹಾಕಿ ಅನ್ನ ಇಡುತ್ತಿದ್ದರು. 'ಅಳೋ ಮನೆ ಮುಂದೆ ಕೂತು ಉಣ್ಣದು ಐತಲ್ಲ ಮಗ, ಅದ್ರಂಥ ಕಷ್ಟ ಇನ್ನೊಂದಿಲ್ಲ. ಅಸಿವೂ ಆಗಿರ್ತದೆ' ಅನ್ನುತ್ತಿದ್ದ. ಮೊಬೈಲು ಬಂದ ಮೇಲೆ ಆ ಕೆಲಸ ತಾನಾಗಿ ಸತ್ತಿತು. ಅಪ್ಪ ಗಾರೆ ಕೆಲಸಕ್ಕೆ ಹೋಗತೊಡಗಿದ. ಈಗ ಮಗಳು ಮತ್ತೆ ಅದೇ ಸುದ್ದಿ ಸಾರುತ್ತಿದ್ದಾಳೆ. 'ಸಾವಿನ ಸುದ್ದಿನ ನಾನು ಕಾಲಲ್ಲಿ ಏಳ್ತಿದ್ದೆ, ನೀನು ಕರೆಂಟಲ್ಲಿ ಏಳ್ತೀಯ, ಅಷ್ಟೇಯ. ಫ್ಯಾನ್ ಕೆಳಗೆ ಕೂತು ಏಳ್ತೀಯಲ್ಲ, ಅದೇ ಪುಣ್ಯ' ಅಂದ.

ಒಂದು ದಿನ ಯಾವುದೋ ಕೆಲಸಕ್ಕೆ ಪೇಟೆಗೆ ಬಂದವನು ಅಂಗಡಿಗೂ ಬಂದ. ಮಂಜಣ್ಣ ಕುರ್ಚಿ ತೋರಿಸಿ 'ಕೂತ್ಕಳಯ್ಯ' ಅಂದರು. 'ಪರವಾಗಿಲ್ಲ ಬುದ್ದಿ, ನಿಂತೇ ಅಭ್ಯಾಸ' ಅಂದ. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಇರ್ಫಾನ್ ಅವನನ್ನು ಬಿಳಿ ಗೋಡೆಗೆ ನಿಲ್ಲಿಸಿ, 'ಚಾಚಾ, ಇಲ್ನೋಡಿ' ಎಂದು ಆ ಕರಿಕತ್ತು ಬಿಳಿಗೈಯ ಯುವ ನಾಯಕನನ್ನು ಕಂಪ್ಯೂಟರಿನಲ್ಲಿ ತೋರಿಸಿದ. ಅಪ್ಪ ಬಿದ್ದು ಬಿದ್ದು ನಕ್ಕ. ಮೇಲಿನ ಒಂದು ಹಲ್ಲು ಇರಲಿಲ್ಲ, ಉಳಿದವೆಲ್ಲ ಕಂಡವು. ಇರ್ಫಾನ್ ಅದೇ ಹೊತ್ತಿಗೆ ಮೊಬೈಲಿನಲ್ಲಿ ಫೋಟೋ ತೆಗೆದ. ಅಪ್ಪನ ಬದುಕಿನಲ್ಲಿ ಅವನು ನಗುತ್ತಿದ್ದ ಫೋಟೋ ಅದೊಂದೇ.

ಆಷಾಢ ಬಂತು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಜಿಟಿಜಿಟಿ ಮಳೆ, ಗಾಳಿ. ಅಂಗಡಿಗೆ ಬರುತ್ತಿದ್ದದ್ದು ಸಾವಿನ ಆರ್ಡರು ಮಾತ್ರ. ನಮ್ಮೂರಿನ ಡೈರಿ ಅಧ್ಯಕ್ಷ ಲೋಕೇಶಣ್ಣನ ತಂದೆ ದೊಡ್ಡಗೌಡರು ತೀರಿಕೊಂಡರು. ಲೋಕೇಶಣ್ಣ ಅಂದರೆ ಊರಿನ ದೊಡ್ಡ ಮನೆ. ಅಪ್ಪ ಸೈಕಲ್ಲು ತುಳಿದದ್ದರಲ್ಲಿ ಅರ್ಧ ಆ ಮನೆಯ ಸಾವಿಗೇ ಇರಬೇಕು. ಅವರೇ ಅಂಗಡಿಗೆ ಬಂದು, 'ನಮ್ಮೂರ್ ಮಗ ಇರೋವಾಗ ಬೇರೆ ಕಡೆ ಯಾಕ್ ಓಗಾನ. ಚೆನ್ನಾಗ್ ಮಾಡವ್ವ' ಅಂದರು. ಆರಡಿ ಅಗಲ, ಎಂಟಡಿ ಎತ್ತರ ಮಾಡಿದೆ. ನಮ್ಮೂರಿನ ಬಸ್ ಸ್ಟಾಪಿನಲ್ಲಿ ಫ್ಲೆಕ್ಸ್ ಕಟ್ಟುವುದಕ್ಕೆಂದೇ ಕಬ್ಬಿಣದ ಎತ್ತರದ ಚೌಕಟ್ಟು ನಿಲ್ಲಿಸಿದ್ದಾರೆ. ಅದರ ಒಂದು ಪಕ್ಕಕ್ಕೆ ದೊಡ್ಡಗೌಡರು ಮುಚ್ಚಿದ ತುಟಿಯಲ್ಲಿ ಗಂಭೀರವಾಗಿ ನಿಂತರು. ಇನ್ನೊಂದು ಪಕ್ಕ ಖಾಲಿ ಇತ್ತು.

ಅವರ ತಿಥಿ ಇನ್ನೂ ಆಗಿರಲಿಲ್ಲ, ಅಷ್ಟರಲ್ಲಿ ನಮ್ಮಪ್ಪ ಹೋದ. ಸಂತೆಗೆಂದು ಹೊರಟು, ಬಸ್ಸಿಗೆ ಕಾಯುತ್ತಾ ಅದೇ ಬಸ್ ಸ್ಟಾಪಿನಲ್ಲಿ ನಿಂತವನು ಎದೆ ಹಿಡಿದುಕೊಂಡು ಕುಸಿದನಂತೆ. ಜನ ನೀರು ತರುವಷ್ಟರಲ್ಲಿ ಮುಗಿದಿತ್ತು. ನನಗೆ ಫೋನು ಬಂದಾಗ ಯಾರದೋ ಹಣೆಗೆ ವಿಭೂತಿ ಬಳಿಯುತ್ತಿದ್ದೆ. ಕೇರಿಯ ಹುಡುಗ ಫೋನಿನಲ್ಲಿ, 'ಅಕ್ಕ, ನಿಮ್ಮಪ್ಪುಂಗೆ ವಸಿ ಜಾಸ್ತಿಯಾಗೈತೆ, ಬರ್ಬೇಕಂತೆ' ಅಂದ. ಅಪ್ಪನದೇ ಮಾತು. ನನಗೆ ಬೇರೇನೂ ಕೇಳಬೇಕಾಗಲಿಲ್ಲ.

ಮಣ್ಣು ಮಾಡಿದ ಮಾರನೆಯ ದಿನ ಅವ್ವ ಬೇಡವೆಂದರೂ ಕೇಳದೆ ಅಂಗಡಿಗೆ ಹೋದೆ. ಅಪ್ಪನ ಫ್ಲೆಕ್ಸನ್ನು ಇನ್ನೊಬ್ಬರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಮಂಜಣ್ಣ ನನ್ನ ಮುಖ ನೋಡಿ ಕಣ್ಣು ತುಂಬಿಕೊಂಡು, 'ನಿಮ್ಮಪ್ಪುಂದಲ್ವೇನವ್ವ, ನಿನ್ ಮನಸ್ಗೆ ಬಂದಂಗ್ ಮಾಡು, ಯಾರೂ ಕೇಳಕ್ಕಿಲ್ಲ' ಎಂದು ಹೊರಗೆ ಹೋದರು. ಮಿಶಿನ್ನಿಗೆ ಎಂಟಡಿ ಅಗಲದ ರೋಲು ಹಾಕಿತ್ತು. ಮನಸ್ಸಿಗೆ ಬಂದ ಹಾಗೆ ಅಂದರಲ್ಲ, ರೋಲಿನ ಅಗಲವನ್ನೆಲ್ಲ ತೆಗೆದುಕೊಂಡೆ. ಉದ್ದ ಹತ್ತಡಿ. ಶಲ್ಯವಿಲ್ಲ, ಕೋಟಿಲ್ಲ. ಅವನು ಅವತ್ತು ಹಾಕಿಕೊಂಡು ಬಂದಿದ್ದ ಅದೇ ಕಂದು ಶರ್ಟು. ಹಿಂದೆ ಬರೀ ತಿಳಿ ನೀಲಿ. ಕೆಳಗೆ ಹೆಸರು, ಅಷ್ಟೇ.

ಇರ್ಫಾನ್ ಮಿಶಿನ್ ಹಚ್ಚುವ ಮೊದಲು ಮೆಲ್ಲಗೆ, 'ಮೇಡಂ, ಬಾಯಿ?' ಅಂದ.

'ಇರ್ಲಿ' ಅಂದೆ.

ಮಿಶಿನ್ನಿನ ಹೆಡ್ಡು ಆ ಕಡೆಯಿಂದ ಈ ಕಡೆಗೆ ಕರಕರ ಓಡಾಡಿತು. ಮೊದಲು ಅಪ್ಪನ ನರೆಗೂದಲು ಬಂತು, ಆಮೇಲೆ ಹಣೆಯ ಗೆರೆಗಳು, ಕಣ್ಣು. ನಗುವಾಗ ಅವನ ಕಣ್ಣು ಮುಚ್ಚಿಹೋಗುತ್ತಿದ್ದವು. ಆಮೇಲೆ ಮೂಗು, ಬೀಡಿಗೆ ಹಳದಿಯಾಗಿದ್ದ ಹಲ್ಲು, ನಡುವೆ ಆ ಖಾಲಿ ಜಾಗ. ಅಷ್ಟು ದೊಡ್ಡ ನಗು ನೆಲಕ್ಕೆ ಇಳಿಯುತ್ತಾ ಬಂದಾಗ ನನಗೆ ತಡೆಯಲಾಗಲಿಲ್ಲ. ಸಾವಿನ ದಿನವೂ ಬಾರದ ಅಳು ಆ ಮಿಶಿನ್ನಿನ ಮುಂದೆ ಬಂತು. ಇರ್ಫಾನ್ ಎಳನೀರು ತರಲು ಹೋದ.

ಸಂಜೆ ಕೇರಿಯ ಹುಡುಗರು ಅದನ್ನು ಬಸ್ ಸ್ಟಾಪಿನ ಚೌಕಟ್ಟಿನ ಖಾಲಿ ಪಕ್ಕಕ್ಕೆ ಕಟ್ಟಿದರು. ಅಲ್ಲಿಯವರೆಗೆ ನಮ್ಮ ಕೇರಿಯವರ ಫ್ಲೆಕ್ಸು ಕೇರಿಯ ಬಾಯಲ್ಲೇ ಕಟ್ಟುತ್ತಿದ್ದದ್ದು. ಬಸ್ ಸ್ಟಾಪಿಗೆ ಬೇಡ ಎಂದು ಯಾರೂ ಹೇಳಿರಲಿಲ್ಲ, ಕಟ್ಟಬಹುದು ಎಂದೂ ಯಾರೂ ಹೇಳಿರಲಿಲ್ಲ. 'ರಂಗಣ್ಣ ಸತ್ತಿದ್ದೇ ಇಲ್ಲಿ, ಇಲ್ಲೇ ಇರ್ಲಿ' ಅಂದರು ಹುಡುಗರು. ಕಟ್ಟಿ ಮುಗಿಸಿ ಹಿಂದೆ ಸರಿದು ನೋಡಿದಾಗಲೇ ನನಗೆ ಕಂಡದ್ದು. ದೊಡ್ಡಗೌಡರ ತಲೆಗಿಂತ ಅಪ್ಪನ ತಲೆ ಎರಡಡಿ ಮೇಲಿತ್ತು. ಅವರು ಬಾಯಿ ಮುಚ್ಚಿಕೊಂಡು ಎದುರಿಗೆ ನೋಡುತ್ತಿದ್ದರು. ಅಪ್ಪ ಅವರ ಪಕ್ಕ ನಿಂತು, ಹಲ್ಲೆಲ್ಲ ಬಿಟ್ಟು, ಊರನ್ನೇ ನೋಡಿ ನಗುತ್ತಿದ್ದ. ಮುಖ ಎರಡು ಬೆರಳಷ್ಟು ಹೆಚ್ಚು ಕಮ್ಮಿಯಾದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಆದರೂ ಬಿಚ್ಚಿ ಎನ್ನಲಿಲ್ಲ. ನೋಡುತ್ತಾ ನಿಂತೆ.

ಮಾರನೆಯ ದಿನ ಮಧ್ಯಾಹ್ನ ಮಂಜಣ್ಣನ ಕಾರು ನಮ್ಮ ಕೇರಿಗೆ ಬಂತು. ಚಪ್ಪಲಿ ಬಿಟ್ಟು ಒಳಗೆ ಬಂದು, ಅವ್ವನಿಗೆ ಕೈಮುಗಿದು, ಚಾಪೆಯ ಮೇಲೆ ಕುಳಿತರು. ನಮ್ಮ ಮನೆಯಲ್ಲಿ ನೀರು ಕೇಳಿ ಕುಡಿದರು. ಒಳ್ಳೆಯ ಮನುಷ್ಯ, ಈಗಲೂ ಹಾಗೇ ಹೇಳುತ್ತೇನೆ. ಹೊರಡುವಾಗ ನನ್ನನ್ನು ಬೇವಿನ ಮರದ ಹತ್ತಿರಕ್ಕೆ ಕರೆದರು.

'ಲೋಕೇಶಣ್ಣ ಫೋನ್ ಮಾಡಿದ್ರು ಕಣವ್ವ. ಕಟ್ಟಬ್ಯಾಡಿ ಅಂತ ಅವ್ರು ಅಂತಿಲ್ಲ. ಕಟ್ಲಿ, ಆದ್ರೆ ನಮ್ಮಪ್ಪನ ಪಕ್ದಲ್ಲಿ ಅಷ್ಟೆತ್ರ ನಿಂತ್ಕಂಡು ಅಲ್ಲು ಕಿರೀತಾ ಇದ್ರೆ ನೆಂಟ್ರು ಏನನ್ಕತಾರೆ ಅಂತಾರೆ. ನಾಕಡಿ ಆರಡಿ ಮಾಡಿ, ವಸಿ ಕೆಳಗ್ ಕಟ್ಟುದ್ರೆ ಆಯ್ತಂತೆ. ಬಾಯಿ ಮುಚ್ಸಿ. ನಾನೇ ಪ್ರಿಂಟ್ ಹಾಕ್ಸ್ಕೊಡ್ತೀನಿ.'

'ನೀವೇ ಅಂದ್ರಲ್ಲಣ್ಣ, ಮನಸ್ಗೆ ಬಂದಂಗ್ ಮಾಡು ಅಂತ.'

'ಅಂದೆ ಕಣವ್ವ. ಮುಂದೆ ಗಣೇಶ ಬತ್ತದೆ. ಈ ಸುತ್ತಿನ ಹತ್ತೂರು ಹುಡುಗ್ರ ಆರ್ಡ್ರು ಅವ್ರ ಕೈಲೈತೆ. ಅಂಗಡಿ ನಡೀಬೇಕಲ್ಲ. ಲೆಕ್ಕ ನಿಂಗ್ ಗೊತ್ತಿಲ್ದೇ ಇರೋದೇನೈತೆ?'

ಅವರು ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಸಿಟ್ಟಾಗುತ್ತಿದ್ದೆ. ಬೇಡಿಕೊಳ್ಳುವವರ ಹಾಗೆ ಹೇಳಿದರು, ಅದೇ ಕಷ್ಟವಾಯಿತು. 'ಆಗಲ್ಲಣ್ಣ' ಅಂದೆ. ತಿರುಗಿ ಮನೆಯೊಳಗೆ ಹೋದೆ.

ಸುದ್ದಿ ಕೇರಿಗೆ ಹರಡಲು ಎಷ್ಟು ಹೊತ್ತು? ಹುಡುಗರು, 'ಯಾವನು ಬಿಚ್ತಾನೋ ನೋಡೇಬುಡಾನ ಕಣ್ಲಾ' ಎಂದು ಬಸ್ ಸ್ಟಾಪಿನಲ್ಲಿ ಹೋಗಿ ಕುಳಿತರು. ಆ ಕಡೆಯಿಂದಲೂ ಒಂದಷ್ಟು ಬೈಕು ಬಂದು ನಿಂತವು. ಮಳೆ ಹನಿಯುತ್ತಿತ್ತು. ಅಪ್ಪನ ನಗುವಿನ ಕೆಳಗೆ ಎರಡು ಗುಂಪು.

ಆಗ ಅವ್ವ ಎದ್ದಳು. ಮೂರು ದಿನದಿಂದ ಮೂಲೆ ಬಿಟ್ಟು ಎದ್ದಿರದ ಹೆಂಗಸು ಸೆರಗು ಸಿಕ್ಕಿಸಿಕೊಂಡು ಬಸ್ ಸ್ಟಾಪಿನ ಕಡೆ ನಡೆದಳು. ಹಿಂದೆ ನಾನು, ನನ್ನ ಹಿಂದೆ ಕೇರಿಯ ಹೆಂಗಸರು. ಅವ್ವ ಯಾರ ಮುಖವನ್ನೂ ನೋಡಲಿಲ್ಲ. ಹುಡುಗರಿಗೆ, 'ಬಿಚ್ಚ್ರುಲಾ' ಅಂದಳು.

'ಅಕ್ಕೋ, ಸುಮ್ಕಿರು ನೀನು. ನ್ಯಾಯ ಆಗ್ಲಿ' ಅಂದ ಒಬ್ಬ.

'ಸತ್ತೋನ್ ಮೂತಿ ಮುಂದಿಟ್ಕಂಡು ಏನ್ಲಾ ನ್ಯಾಯ ಮಾಡೀರಿ? ನಾಳೆ ನಿಮ್ಮಲ್ಲೊಬ್ಬ ತಲೆ ಒಡ್ಸ್ಕಂಡು ಬಿದ್ರೆ ಅವ್ನ ಫೋಟೋನೂ ಇವ್ಳೇ ಮಾಡ್ಬೇಕಾ? ಬಿಚ್ಚ್ರಿ ಅಂದೆ.'

ಬಿಚ್ಚಿದರು. ನೆಲಕ್ಕೆ ತಾಗಿಸಬಾರದೆಂದು ಹೆಂಗಸರು ನಾಲ್ಕು ಮೂಲೆ ಹಿಡಿದುಕೊಂಡರು. ಮಡಚಲು ಯಾರಿಗೂ ಕೈ ಬರಲಿಲ್ಲ, ಮುಖದ ಮೇಲೆ ಮಡಿಕೆ ಬೀಳುತ್ತದಲ್ಲ. ಹಾಗೇ ಚಾಪೆ ಹಿಡಿದ ಹಾಗೆ ಅಗಲವಾಗಿ ಹಿಡಿದುಕೊಂಡು ದೊಡ್ಡಬೀದಿಯ ಮೇಲೆ ಕೇರಿಗೆ ಹೊತ್ತು ತಂದೆವು. ಅಪ್ಪ ಆಕಾಶ ನೋಡಿಕೊಂಡು, ಮಳೆಯ ಹನಿ ಬೀಳಿಸಿಕೊಂಡು, ನಗುತ್ತಾ ಬಂದ. ಜಗಲಿಗಳ ಮೇಲೆ ಜನ ಎದ್ದು ನಿಂತಿದ್ದರು. ಮೂರು ದಿನದಲ್ಲಿ ಎರಡು ಸಲ ಹೊತ್ತಂತಾಯಿತು ನಾವು ಅವನನ್ನು.

ಮನೆಯ ಗೋಡೆಗೆ ಕಟ್ಟೋಣವೆಂದು ನೋಡಿದೆವು. ನಮ್ಮದು ಸರ್ಕಾರದ ಮನೆ, ಸೂರು ಗಿಡ್ಡ. ಅಪ್ಪನನ್ನು ಎಷ್ಟು ಮೇಲೆತ್ತಿದರೂ ಹೆಸರಿರುವ ಭಾಗ ನೆಲದ ಮೇಲೆ ಬಿದ್ದುಕೊಳ್ಳುತ್ತಿತ್ತು. ಕೊನೆಗೆ ಅವ್ವ, 'ಸಾಕು ಬುಡು, ಇಲ್ಲೂ ಇಡ್ಸಾಕಿಲ್ಲ ಅವ್ನು' ಎಂದು ಒಣಬಟ್ಟೆಯಲ್ಲಿ ಒರೆಸಿ, ಸುರುಳಿ ಸುತ್ತಿಸಿ ಅಟ್ಟಕ್ಕೆ ಹಾಕಿಸಿದಳು.

ಅಲ್ಲಿಗೆ ಮುಗಿದಿದ್ದರೆ ನಾನು ಆ ಕೆಲಸದಲ್ಲೇ ಇರುತ್ತಿದ್ದೆನೋ ಏನೋ. ಹೊಟ್ಟೆಪಾಡು, ನುಂಗಿಕೊಳ್ಳುತ್ತಿದ್ದೆ. ಅಪ್ಪನ ತಿಥಿಯ ಹಿಂದಿನ ದಿನ ಸಾಮಾನು ತರಲು ಹೊಳೆನರಸೀಪುರಕ್ಕೆ ಹೋಗಿ, ವಾಪಸ್ಸು ಬಂದು ನಮ್ಮೂರಿನ ಬಸ್ ಸ್ಟಾಪಿನಲ್ಲಿ ಇಳಿದೆ. ಚೌಕಟ್ಟಿನ ಕೆಳಗಿನ ಮೂಲೆಯಲ್ಲಿ ಒಂದು ಪುಟ್ಟ ಫ್ಲೆಕ್ಸು ಕಟ್ಟಿತ್ತು. ನಾಲ್ಕಡಿ ಆರಡಿ. ಅಪ್ಪ. ಯಾವನದೋ ಬಿಳಿ ಶರ್ಟು, ಯಾವನದೋ ಶಲ್ಯ. ಕಣ್ಣು ಅದೇ, ನಗುವಿಗೆ ಮುಚ್ಚಿಹೋದ ಕಣ್ಣು. ಅದರ ಕೆಳಗೆ ನಾನೇ ಮಾಡಿಟ್ಟ ಆ ಮುಚ್ಚಿದ ತುಟಿ. ಮೇಲೆ ನಗುವ ಕಣ್ಣು, ಕೆಳಗೆ ಹೊಲಿದ ಬಾಯಿ. ನೋವು ತಡೆದುಕೊಂಡವನ ಹಾಗೆ ಕಾಣುತ್ತಿದ್ದ. ಹೋಗಿ ಬರುವವರು ನಿಂತು ಕೈ ಮುಗಿಯುತ್ತಿದ್ದರು. ಒಬ್ಬರು ನನ್ನನ್ನು ಕಂಡು, 'ಚೆನ್ನಾಗ್ ಬಂದೈತೆ ಕಣವ್ವ, ಈಗ ಲಕ್ಷಣವಾಗವ್ನೆ' ಅಂದರು.

ಅಂ‌ಗಡಿಗೆ ಹೋದಾಗ ಇರ್ಫಾನ್ ಮುಖ ತಗ್ಗಿಸಿಕೊಂಡಿದ್ದ. 'ಸಾರಿ ಮೇಡಂ. ಓನರ್ ಹೇಳಿದ್ರು. ನನ್ನ ಕೈಯಲ್ಲಿ ಏನಿದೆ?' ಅಂದ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಮಂಜಣ್ಣನನ್ನು ಕೇಳಿದೆ. ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

'ಯಾಕವ್ವಾ ಅಂಗಂತೀಯ? ಊರಲ್ಲಿ ಒಡೆದಾಟ ತಪ್ತು. ನಿಮ್ ಜನುದ್ದು ಒಬ್ರುದ್ದೂ ಅಲ್ಲಿ ಕಟ್ಟಿರ್ನಿಲ್ಲ, ನಿಮ್ಮಪ್ಪುನ್ನ ಊರ್ ಮುಂದೆ ನಿಲ್ಸ್ದೆ. ತಪ್ಪಾ?'

'ಅದು ನಮ್ಮಪ್ಪ ಅಲ್ಲಣ್ಣ.'

'ಇನ್ಯಾರವ್ವಾ ಮತ್ತೆ?'

ದೊಡ್ಡ ಮನೆಯವರಿಗೆ ಬೇಕಾದ ಅಳತೆಗೆ ಅವನನ್ನು ಕತ್ತರಿಸಿ, ಅವರಿಗೆ ಬೇಕಾದ ಬಾಯಿ ಇಟ್ಟ ಮೇಲೆ ಅವನು ಅವರ ಆಳು ರಂಗ, ಬಾಗಿಲ ಹೊರಗೆ ನಿಂತವನು. ನಗುವವನೇ ನಮ್ಮಪ್ಪ. ಇದನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಅವತ್ತು ಚೀಲ ತೆಗೆದುಕೊಂಡು ಹೊರಟುಬಂದೆ. ಹೊರಡುವ ಮೊದಲು ಕಂಪ್ಯೂಟರಿನಿಂದ ಒಂದನ್ನು ಮಾತ್ರ ಅಳಿಸಿದೆ, ಆ ಮುಚ್ಚಿದ ತುಟಿ. ಇರ್ಫಾನ್ ನೋಡುತ್ತಿದ್ದ. ಇನ್ನೊಂದು ಮಾಡಿಕೊಳ್ಳಲು ಅವರಿಗೆ ಎಷ್ಟು ಹೊತ್ತು? ಆದರೂ ಅಳಿಸಿದೆ.

ಈಗ ಹಾಸನದಲ್ಲಿ ಒಂದು ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ಕುಳಿತು ಹೆಸರು ಕರೆಯುತ್ತೇನೆ. ಯಾರ ಮುಖವನ್ನೂ ತಿದ್ದಬೇಕಾಗಿಲ್ಲ. ಸಂಬಳ ಪರವಾಗಿಲ್ಲ, ನಗು ಕಮ್ಮಿ. ಕೆಲವು ಸಲ ಬೈಪಾಸಿನಲ್ಲಿ ಯಾವುದಾದರೂ ಒಳ್ಳೆಯ ಫ್ಲೆಕ್ಸು ಕಂಡರೆ ಕೈ ತಾನಾಗಿ ಕಂಪ್ಯೂಟರಿನ ಮೌಸ್ ಹಿಡಿದ ಹಾಗೆ ಬಾಗುತ್ತದೆ. ಆ ಕೆಲಸವನ್ನು ನಾನು ಬಿಟ್ಟದ್ದಲ್ಲ, ನನ್ನಿಂದ ಕಿತ್ತುಕೊಂಡರು ಎಂದೇ ನನಗೆ ಈಗಲೂ ಅನ್ನಿಸುವುದು. ಆ ಕಹಿ ಹೋಗಿಲ್ಲ, ಹೋಗಲಿ ಎಂದು ನಾನೂ ಹಾರೈಸಿಲ್ಲ.

ಬಸ್ಸಿನಲ್ಲಿ ಆ ವಾಸನೆಗೆ ಮುಖ ತಿರುಗಿಸಲು ಇನ್ನೊಂದು ಕಾರಣವಿತ್ತು. ಅವತ್ತು ಬೆಳಿಗ್ಗೆಯಷ್ಟೇ ಲೋಕೇಶಣ್ಣ ಫೋನ್ ಮಾಡಿದ್ದರು. ಯಾರಿಂದ ನಂಬರು ಹಿಡಿದರೋ. ತಾಯಿ ತೀರಿಕೊಂಡಿದ್ದರು. ಆ ಅಜ್ಜಿ ಒಳ್ಳೆಯವರು. ಕೇಳಿ ನನಗೂ ಬೇಜಾರಾಯಿತು, ಬೇಜಾರು ಎಂದೆ.

'ಅದಕ್ಕೇ ಕಣವ್ವ ಮಾಡ್ದೆ. ಪಟ್ಟಣದಲ್ಲಿ ಮಾಡ್ಸ್ದೆ, ಗೊಂಬೆ ಇದ್ದಂಗೈತೆ. ನಿನ್ ಕೈಲಿ ಬರೋ ಕಳೆ ಯಾರ್ ಕೈಲೂ ಬರಕ್ಕಿಲ್ಲ. ಈಗ್ ನೀನು ಮಾಡ್ತಿಲ್ಲ ಅಂತ ಗೊತ್ತು. ನಮ್ಮವ್ವುಂದು ಒಂದ್ ಮಾಡ್ಕೊಡು.'

ಬೇಡ ಅನ್ನುವ ಮೊದಲೇ ಹಳೆಯ ಅಭ್ಯಾಸಕ್ಕೆ ಬಾಯಿಂದ ಬಂದುಬಿಟ್ಟಿತು. 'ಸೈಜ್ ಎಷ್ಟಣ್ಣ?'

ಅವರ ದನಿ ಸಣ್ಣಗಾಯಿತು. 'ನಿಮ್ಮಪ್ಪುಂದು ಮಾಡಿದ್ಯಲ್ಲವ್ವ ಅವತ್ತು, ಅಷ್ಟು. ಅಂಗೇ ಮಾಡು. ನಮ್ಮವ್ವ ನಗ್ತಾ ಇರೋದು ಒಂದ್ ಫೋಟೋ ಐತೆ. ರಂಗನ ಆ ನಗು ಇನ್ನೂ ಕಣ್ಣಾಗೇ ಐತೆ ಕಣವ್ವ ನಂಗೆ.'

ಹಿಂದೆ ಅವರ ಮನೆಯಲ್ಲಿ ಹೆಂಗಸರು ಅಳುವುದು ಕೇಳುತ್ತಿತ್ತು. ಅಳುವ ಮನೆಗೆ ಗಟ್ಟಿಯಾಗಿ ಮಾತಾಡಬಾರದು ಎಂದು ಅಪ್ಪ ಹೇಳಿಕೊಟ್ಟಿದ್ದ. ಮೆಲ್ಲಗೇ ಹೇಳಿದೆ.

'ಆ ಸೈಜಲ್ಲಿ ನಾನು ಒಬ್ಬರದೇ ಮಾಡಿದ್ದಣ್ಣ. ಇನ್ನೊಬ್ಬರದು ಮಾಡಕ್ಕಿಲ್ಲ.'